ಜ್ಯಾಕಿನ ನಾಲಿಗೆ

ಬನ್ನಿ ಮೇಷ್ಟ್ರೇ, ಹೂವು ಆಮೇಲೆ ಬಿಡಿಸಿದರಾಯಿತು. ಈ ದಾಸವಾಳದ ಬೇಲಿ ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ಮಾತು ಕೇಳಿಸಿಕೊಂಡಿದೆ, ಇನ್ನರ್ಧ ಗಂಟೆ ಕೇಳಲಿ. ನಿನ್ನೆ ರಾತ್ರಿ ನಿಮ್ಮ ಮೊಮ್ಮಗಳು ಒಂಬತ್ತೂವರೆಯವರೆಗೆ ನಮ್ಮನೆ ಜಗುಲಿಯಲ್ಲಿ ಕೂತಿದ್ದಳಲ್ಲ, ಅದರ ಕತೆ ಹೇಳಬೇಕು ನಿಮಗೆ. ಅವಳೇನೋ ‘ಗಿಟಾರ್ ಸರಿಹೋಯ್ತು ತಾತ’ ಎಂದಷ್ಟೇ ಹೇಳಿ ಮಲಗಿರುತ್ತಾಳೆ. ಹೇಗೆ ಸರಿಹೋಯಿತು ಅನ್ನುವುದರಲ್ಲೇ ಇದೆ ಸ್ವಾರಸ್ಯ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಮುಖ ಬಾಡಿತ್ತು. ‘ಫೋನ್ ತಾತ, ನಿಮ್ಮ ಹತ್ರ ಮೀಟರ್ ಇದ್ಯಲ್ಲ, ಇದನ್ನ ಒಂದು ಸಲ ನೋಡ್ತೀರಾ?’ ಅಂದಳು. ಶನಿವಾರ ಕಾಲೇಜಿನ ಕಾರ್ಯಕ್ರಮವಂತೆ. ಎರಡನೇ ಹಾಡಿನ ನಡುವೆ ಗಿಟಾರು ಕರಕರ ಎಂದು ಎರಡು ಸಲ ಕೆಮ್ಮಿ ಸುಮ್ಮನಾಗಿಬಿಟ್ಟಿತಂತೆ. ವೈರು ಬದಲಾಯಿಸಿದರು, ಆಂಪ್ಲಿಫೈಯರ್ ಬದಲಾಯಿಸಿದರು. ಒಂದು ಕ್ಷಣ ಬಂತು, ಮತ್ತೆ ಹೋಯಿತು. ಮಾರನೆಯ ದಿನ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದರೆ ಅಲ್ಲಿಯವನು ಬಿಚ್ಚಿಯೂ ನೋಡದೆ, ‘ಪಿಕಪ್ ಹೋಗಿದೆ, ಮೂರನ್ನೂ ಹೊಸದು ಹಾಕಬೇಕು, ಎಂಟು ಸಾವಿರ ಆಗುತ್ತೆ’ ಎಂದನಂತೆ. ಆ ಗಿಟಾರನ್ನು ಅವಳು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದೇ ಹನ್ನೊಂದು ಸಾವಿರಕ್ಕೆ, ಅದೂ ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ. ನನಗೆ ಕೇಳಿಯೇ ಸಂಕಟವಾಯಿತು.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ‘ಪುಟ್ಟಿ, ಮೂರು ಪಿಕಪ್ಪಿನಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಳ್ಳೋಕೆ ಸ್ವಿಚ್ಚಿದೆಯಲ್ಲ, ಅದರ ಐದು ಮನೆಯಲ್ಲೂ ಸದ್ದು ಹೋಗಿತ್ತಾ?’ ‘ಹೂಂ ತಾತ, ಎಲ್ಲದರಲ್ಲೂ.’ ಅಲ್ಲಿಗೆ ಪಿಕಪ್ಪಿನ ಮಾತು ಮುಗಿಯಿತು. ನೀವೇ ಹೇಳಿ ಮೇಷ್ಟ್ರೇ, ಬೀದಿಯ ಮೂರು ಮನೆಯಲ್ಲೂ ಒಟ್ಟಿಗೆ ನಲ್ಲಿ ನಿಂತರೆ ಮೂರು ನಲ್ಲಿ ಕಿತ್ತು ಹೊಸದು ಹಾಕುತ್ತಾರೆಯೇ? ಬೀದಿ ಕೊನೆಯ ವಾಲ್ವು ನೋಡುತ್ತಾರೆ. ಪಿಕಪ್ಪೆಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಒಂದು ಸುರುಳಿ. ಮೇಲೆ ಉಕ್ಕಿನ ತಂತಿ ನಡುಗಿದರೆ ಅದರೊಳಗೆ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಬ್ಯಾಟರಿ ಬೇಡ, ಪ್ಲಗ್ಗು ಬೇಡ. ಮೂರು ಸುರುಳಿಗಳಿಂದ ಬಂದದ್ದೆಲ್ಲ ಸ್ವಿಚ್ಚು ದಾಟಿ, ವಾಲ್ಯೂಮ್ ದಾಟಿ, ಕೊನೆಗೆ ಹೊರಗೆ ಹೋಗುವುದು ಒಂದೇ ಬಾಗಿಲಿನಿಂದ. ಆ ಬಾಗಿಲೇ ಔಟ್‌ಪುಟ್ ಜ್ಯಾಕು. ಇಡೀ ವಾದ್ಯದಲ್ಲಿ ಅಷ್ಟು ಅಗ್ಗದ ಭಾಗ ಇನ್ನೊಂದಿಲ್ಲ, ಅದರಷ್ಟು ಏಟು ತಿನ್ನುವ ಭಾಗವೂ ಇನ್ನೊಂದಿಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚುತ್ತಾರೆ, ಎಳೆಯುತ್ತಾರೆ, ವೈರು ತುಳಿದುಕೊಂಡು ತಿರುಗುತ್ತಾರೆ.

ವೈರಿನ ತುದಿಯ ಆ ಪ್ಲಗ್ಗನ್ನು ಅವಳ ಕೈಯಿಂದ ಈಸಿಕೊಂಡೆ ನೋಡಿ, ನನಗೆ ಮೈ ಜುಮ್ಮೆಂದಿತು. ಕಾಲು ಇಂಚು ದಪ್ಪ, ನಿಮ್ಮ ಲೆಕ್ಕದಲ್ಲಿ 6.35 ಮಿಲಿಮೀಟರ್. ತುದಿಗೊಂದು ಉರುಟು ಮೂತಿ, ಅದರ ಹಿಂದೆ ಸಣ್ಣ ಸೊಂಟ, ನಡುವೆ ಕಪ್ಪು ಪಟ್ಟಿ, ಆಮೇಲೆ ಉದ್ದನೆಯ ಮೈ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದೇ ವಂಶದ ಪ್ಲಗ್ಗುಗಳ ಮಧ್ಯೆ ಬದುಕಿದವನು ನಾನು. ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಆಪರೇಟರ್ ಹೆಣ್ಣುಮಕ್ಕಳು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಸಾಲಾಗಿ ಕೂತಿರುತ್ತಿದ್ದರು. ದೀಪ ಹತ್ತಿದ ಕಡೆ ಒಂದು ಕಾರ್ಡಿನ ಪ್ಲಗ್ಗು ಚುಚ್ಚಿ ‘ನಂಬರ್ ಪ್ಲೀಸ್’ ಅನ್ನೋರು, ಅದರ ಜೋಡಿ ಕಾರ್ಡನ್ನು ಇನ್ನೊಂದು ತೂತಿಗೆ ಚುಚ್ಚಿದರೆ ಮೈಸೂರು ಬೆಂಗಳೂರಿನ ಜೊತೆ ಮಾತಾಡೋದು. ಆ ತೂತುಗಳ ಹೆಸರೇ ಜ್ಯಾಕು. ಮಾತು ಮುಗಿದು ಕಿತ್ತರೆ ಕೆಳಗಿನ ಭಾರದ ಎಳೆತಕ್ಕೆ ಕಾರ್ಡು ಸರ್ರನೆ ತನ್ನ ಜಾಗಕ್ಕೆ ಇಳಿದುಬಿಡುತ್ತಿತ್ತು. ಬೋರ್ಡಿನ ಪ್ಲಗ್ಗಿನ ಮೂತಿ ಗಿಟಾರಿನದಕ್ಕಿಂತ ಸ್ವಲ್ಪ ಸಣ್ಣದು, ಒಂದರ ಬದಲು ಒಂದು ಹಾಕಿದರೆ ಸರಿಯಾಗಿ ಕಚ್ಚುವುದಿಲ್ಲ. ಆದರೂ ಅಣ್ಣತಮ್ಮಂದಿರೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದು ನಾನು ಅಭಿಮಾನಕ್ಕೆ ಹೇಳುವ ಮಾತಲ್ಲ. ಅಮೆರಿಕದ ನ್ಯೂ ಹೇವನ್ ಊರಿನಲ್ಲಿ 1878ರಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಆಗಿನ ಬೋರ್ಡುಗಳಲ್ಲಿ ಲೈನಿಗೆ ಲೈನು ಸೇರಿಸಲು ಚಾರ್ಲ್ಸ್ ಸ್ಕ್ರಿಬ್ನರ್ ಎಂಬ ಇಂಜಿನಿಯರ್ ಒಂದು ಸ್ವಿಚ್ಚು ಮಾಡಿದ. ಅದು ನೋಡಲು ಮಡಚುವ ಚೂರಿಯ ಹಾಗಿತ್ತು. ಅಂಥ ಚೂರಿಗೆ ಅವರಲ್ಲಿ ಜ್ಯಾಕ್ ನೈಫ್ ಅನ್ನುತ್ತಾರೆ. ಚೂರಿ ಹೋಯಿತು, ಜ್ಯಾಕು ಉಳಿಯಿತು. ಆಮೇಲೆ ರೇಡಿಯೋದವರು, ರೆಕಾರ್ಡಿಂಗಿನವರು ಅದನ್ನೇ ಎತ್ತಿಕೊಂಡರು. 1930ರ ದಶಕದಲ್ಲಿ ಗಿಟಾರಿಗೆ ಕರೆಂಟು ಕೂಡಿಸುವ ಕಾಲ ಬಂದಾಗ ಕೈಗೆ ಸುಲಭವಾಗಿ ಸಿಕ್ಕಿದ್ದೂ ಅದೇ. ಇಂದು ಕಿಸೆಯ ಫೋನಿನಲ್ಲಿ ಪ್ಲಗ್ಗೂ ಇಲ್ಲ, ಕಾರ್ಡೂ ಇಲ್ಲ, ಎಕ್ಸ್‌ಚೇಂಜಿನ ಬೋರ್ಡುಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ನಿಮ್ಮ ಮೊಮ್ಮಗಳ ಗಿಟಾರಿನ ಹೊಟ್ಟೆಯಲ್ಲಿ ಮಾತ್ರ ಅದು ಇನ್ನೂ ಕೆಲಸ ಮಾಡುತ್ತಿದೆ. ನನಗೆ ಅದನ್ನು ಕಂಡರೆ ಹಳೆಯ ಸಹೋದ್ಯೋಗಿ ಎದುರು ಸಿಕ್ಕ ಹಾಗೆ.

ಮೀಟರು ತಂದೆ. ಬಿಚ್ಚುವ ಮೊದಲೇ ರೋಗ ಎಲ್ಲಿದೆ ಎಂದು ಹೇಳುವ ಒಂದು ಉಪಾಯವಿದೆ, ಅದನ್ನು ಅವಳಿಗೂ ತೋರಿಸಿದೆ. ಗಿಟಾರಿಗೆ ವೈರು ಚುಚ್ಚು, ವಾಲ್ಯೂಮ್ ಪೂರ್ತಿ ಇಡು, ಸ್ವಿಚ್ಚು ಒಂದೇ ಪಿಕಪ್ಪಿನ ಮನೆಯಲ್ಲಿರಲಿ. ಮೀಟರಿನ ಗುಂಡಿಯನ್ನು 20 ಕಿಲೋ ಓಮ್‌ಗೆ ತಿರುಗಿಸಿ, ವೈರಿನ ಇನ್ನೊಂದು ತುದಿಯ ಮೂತಿಗೆ ಒಂದು ಕಡ್ಡಿ, ಮೈಗೆ ಒಂದು ಕಡ್ಡಿ ಹಿಡಿ. 5.9 ಎಂದು ತೋರಿಸಿತು. ಇಂಥ ಪಿಕಪ್ಪಿಗೆ ಆರು ಕಿಲೋ ಓಮಿನ ಆಸುಪಾಸು ಇರುವುದು ಆರೋಗ್ಯದ ಲಕ್ಷಣ. ಸ್ವಿಚ್ಚನ್ನು ಉಳಿದೆರಡು ಪಿಕಪ್ಪಿನ ಒಂಟಿ ಮನೆಗಳಿಗೆ ಸರಿಸಿದರೂ ಹಾಗೇ, ಮೂರೂ ಜೀವಂತ. ಆಮೇಲೆ ಅವಳಿಗೆ ಗಿಟಾರಿನ ಕಡೆಯ ಪ್ಲಗ್ಗನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸು ಅಂದೆ. 5.9 ಇದ್ದದ್ದು 7 ಆಯಿತು, 14 ಆಯಿತು, ಅಂಕಿಯೆಲ್ಲ ಅಳಿಸಿ ಎಡಗಡೆ ಬರೀ ‘1’ ನಿಂತಿತು. ಅಂದರೆ ದಾರಿ ಕಡಿದಿದೆ. ಬೆರಳು ತೆಗೆದರೆ ಮತ್ತೆ 5.9. ‘ನೋಡು ಪುಟ್ಟಿ, ಎಂಟು ಸಾವಿರದ ರೋಗ ಇಲ್ಲಿದೆ’ ಅಂದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅವಳದು ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರು. ಈ ಮಾದರಿ ಬಂದದ್ದು 1954ರಲ್ಲಿ, ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಕಾರ್ಖಾನೆಯಿಂದ. ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಲೇ ಇರಲಿಲ್ಲ. ರಿಪೇರಿ ಮಾಡುವವನ ಕೈ ಆ ವಾದ್ಯದಲ್ಲಿ ಎಲ್ಲೆಲ್ಲೂ ಕಾಣುತ್ತದೆ ಮೇಷ್ಟ್ರೇ. ಕುತ್ತಿಗೆ ಅಂಟಿಸಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದರೆ ಬರುತ್ತದೆ. ಜ್ಯಾಕು ಮುಂದುಗಡೆಯೇ ದೋಣಿಯ ಆಕಾರದ ತಗಡಿನಲ್ಲಿ ಓರೆಯಾಗಿ ಕೂತಿದೆ, ಎರಡೇ ಸ್ಕ್ರೂ. ನಾಳೆ ಇದು ಕೆಡುತ್ತದೆ, ಯಾರೋ ಒಬ್ಬ ಇದನ್ನು ಬಿಚ್ಚಬೇಕಾಗುತ್ತದೆ ಎಂದು ಮೊದಲೇ ಯೋಚಿಸಿ ಮಾಡಿದವರಿಗೆ ನಾನು ಕೈ ಮುಗಿಯುತ್ತೇನೆ.

ತಗಡು ಎತ್ತಿ ತಿರುಗಿಸಿ ದೀಪದ ಕೆಳಗೆ ಹಿಡಿದೆವು. ಜ್ಯಾಕೆಂದರೆ ಇಷ್ಟೇ: ಹೊರಮೈಯಲ್ಲಿ ತಿರುಪಿನ ಗೆರೆಗಳಿರುವ ಒಂದು ಹಿತ್ತಾಳೆಯ ಕೊಳವೆ, ಅದು ಪ್ಲಗ್ಗಿನ ಮೈಯನ್ನು ಹಿಡಿಯುತ್ತದೆ. ಅದರ ಪಕ್ಕದಿಂದ ಮೇಲೆದ್ದು ಬಾಗಿ ಬಂದ ಒಂದು ಸ್ಪ್ರಿಂಗ್ ಪಟ್ಟಿ. ಅದನ್ನೇ ನಾನು ನಾಲಿಗೆ ಅನ್ನುವುದು. ಪ್ಲಗ್ಗು ಒಳಕ್ಕೆ ಬಂದಾಗ ಅದರ ಮೂತಿ ನಾಲಿಗೆಯನ್ನು ಅತ್ತ ತಳ್ಳಿ ಮುಂದೆ ಹೋಗುತ್ತದೆ, ನಾಲಿಗೆಯ ಮಡಿಕೆ ಹಿಂದೆ ಬಂದು ಸಣ್ಣ ಸೊಂಟದಲ್ಲಿ ಟಕ್ಕೆಂದು ಕೂರುತ್ತದೆ. ಸಂಗೀತವೆಲ್ಲ ಹಾದುಹೋಗುವುದು ಆ ಮಡಿಕೆ ಮೂತಿಗೆ ತಾಗುವ ಅಕ್ಕಿಕಾಳಿನ ಮೊನೆಯಷ್ಟು ಜಾಗದಲ್ಲಿ. ಕೊಳವೆಯ ಕಡೆಯದು ನೆಲದ ತಂತಿ, ಅರ್ಥ್.

ಅವಳ ಜ್ಯಾಕಿನಲ್ಲಿ ಮೂರು ತಪ್ಪು ಕಂಡೆವು. ನಾಲಿಗೆ ಚಪ್ಪಟೆಯಾಗಿ ಸೋತುಹೋಗಿತ್ತು, ಮಡಿಕೆಯ ಮೇಲೆ ಕಪ್ಪು ಕಿಲುಬು. ನಾಲಿಗೆಗೆ ಬೆಸೆದಿದ್ದ ಬಿಳಿ ವೈರಿನ ಎಳೆಗಳಲ್ಲಿ ಒಂದೇ ಒಂದು ಉಳಿದು ಮಿಕ್ಕವು ತುಂಡಾಗಿದ್ದವು. ಎರಡೂ ವೈರು ಒಂದಕ್ಕೊಂದು ಹೂಬತ್ತಿಯ ಹಾಗೆ ಹೊಸೆದುಕೊಂಡಿದ್ದವು. ‘ಇದ್ಯಾಕೆ ಹಿಂಗೆ ಸುತ್ಕೊಂಡಿದೆ ತಾತ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಎಳೆಗಳು ತುಂಡಾದದ್ದರ ಮೂಲ ಅದರಲ್ಲೇ ಇತ್ತು. ಹೊರಗಿನ ನಟ್ಟು ಮುಟ್ಟಿ ನೋಡು ಅಂದೆ. ಬರಿಗೈಯಲ್ಲೇ ತಿರುಗಿತು. ನಟ್ಟು ಸಡಿಲವಾದರೆ ಪ್ರತಿಸಲ ಪ್ಲಗ್ಗು ತಿರುವಿದಾಗಲೂ ಜ್ಯಾಕು ತಾನೂ ತಿರುಗುತ್ತದೆ, ಒಳಗಿನ ವೈರನ್ನು ತಿರುಚುತ್ತದೆ, ಎಳೆಗಳು ಒಂದೊಂದಾಗಿ ಕಡಿಯುತ್ತವೆ. ‘ಸಡಿಲ ಅನಿಸಿದಾಗೆಲ್ಲ ನಾನು ಹೊರಗಿಂದ ಟೈಟ್ ಮಾಡ್ತಿದ್ದೆನಲ್ಲ ತಾತ’ ಅಂದಳು. ಕೆಟ್ಟದ್ದೇ ಹಾಗೆ. ಒಳಗಿನಿಂದ ಹಿಡಿಯದೆ ಹೊರಗಿನಿಂದ ನಟ್ಟು ತಿರುವಿದರೆ ನಟ್ಟಿನ ಜೊತೆ ಜ್ಯಾಕೂ ಸುತ್ತುತ್ತದೆ. ಬಿಗಿಯಾಯಿತು ಎಂದುಕೊಂಡ ಪ್ರತಿಸಲವೂ ವೈರಿಗೆ ಇನ್ನೊಂದು ಸುತ್ತು ಬಿದ್ದಿದೆ. ಅವಳ ತಪ್ಪಲ್ಲ ಮೇಷ್ಟ್ರೇ, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷ ಗಿಟಾರ್ ಪಾಠ ಹೇಳಿದವರು ಸ್ವರ ಹೇಳಿದರು, ತಾಳ ಹೇಳಿದರು, ನಟ್ಟಿನ ಮಾತು ಯಾರೂ ಎತ್ತಲಿಲ್ಲ. ವೀಣೆ ಕಲಿಯುವವರಿಗೆ ಮೇಳದ ಮೇಣ ಎಲ್ಲಿ ಬಿರುಕು ಬಿಡುತ್ತದೆ ಎಂದು ಗುರುಗಳೇ ತೋರಿಸುತ್ತಿದ್ದರು, ಅಲ್ಲವೇ?

ಆ ಸೋತ ನಾಲಿಗೆ ನೋಡುತ್ತಿದ್ದಾಗ ನನಗೊಂದು ರಾತ್ರಿ ನೆನಪಾಯಿತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತೇನೋ. ಹಳ್ಳಿಯಿಂದ ಬಂದ ಒಬ್ಬರು ಲೈಟ್ನಿಂಗ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತಿದ್ದರು. ಮುಂಬಯಿಯಲ್ಲಿ ಮಗನಿಗೆ ಆಪರೇಷನ್. ಲೈಟ್ನಿಂಗ್ ಅಂದರೆ ಮಾಮೂಲಿನ ಎಂಟು ಪಟ್ಟು ದುಡ್ಡು, ಅಂಥವರು ಅಷ್ಟು ಕೊಡಬೇಕಾದರೆ ಎಂಥ ಅವಸರವಿರಬೇಕು ಯೋಚಿಸಿ. ಲೈನು ಸಿಕ್ಕಿತು, ಆ ಕಡೆಯಿಂದ ‘ಅಪ್ಪಾ’ ಎಂಬ ದನಿ ಬಂತು, ಆಮೇಲೆ ಬರೀ ಕರಕರ. ಆಪರೇಟರ್ ನನ್ನನ್ನು ಕೂಗಿದರು. ಬೋರ್ಡಿನ ಹಿಂದೆ ಹೋಗಿ ನೋಡಿದರೆ ಆ ಜ್ಯಾಕಿನ ನಾಲಿಗೆ ಸೋತಿತ್ತು, ಕಾರ್ಡನ್ನು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಮಾತು ಕೇಳುತ್ತಿತ್ತು. ಆಪರೇಟರ್ ಆ ಮೂರು ನಿಮಿಷವೂ ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿಕೊಂಡೇ ಇದ್ದರು, ಇನ್ನೊಂದು ಕೈಯಲ್ಲಿ ಬೇರೆ ಕರೆಗಳನ್ನು ನೋಡಿಕೊಂಡರು. ಮಾತು ಮುಗಿದ ಮೇಲೆ ಬೆಂಚಿನ ಹತ್ತಿರ ಹೋದೆ. ‘ಆಪರೇಷನ್ ಆಯ್ತಂತೆ, ಗಂಜಿ ಕುಡಿದನಂತೆ’ ಅಂದರು. ಆವತ್ತೇ ಆ ಸಾಲಿನ ಎಲ್ಲಾ ಜ್ಯಾಕುಗಳನ್ನೂ ಬೆಳಗಿನ ಜಾವದವರೆಗೆ ಕೂತು ಸರಿಮಾಡಿದೆ. ಅಲ್ಲಿಂದಾಚೆಗೆ ಕರಕರ ಸದ್ದು ಕೇಳಿದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಸರಿ, ಕೆಲಸಕ್ಕೆ ಕೂತೆವು. ನಾಲಿಗೆಯನ್ನು ಒಳಕ್ಕೆ ಬಾಗಿಸಿ, ಕಿಲುಬು ತೆಗೆದರೆ ಹಳೆಯ ಜ್ಯಾಕೇ ಇನ್ನೂ ಸ್ವಲ್ಪ ದಿನ ನಡೆಯುತ್ತಿತ್ತು. ಮೊದಲು ಹಾಗೇ ಮಾಡಿ ನೋಡಿದೆ. ಎಕ್ಸ್‌ಚೇಂಜಿನಲ್ಲಿ ರಿಲೇ ಕಾಂಟ್ಯಾಕ್ಟ್ ತಿಕ್ಕಲು ತೆಳ್ಳನೆಯ ಉಕ್ಕಿನ ಅಲಗು ಕೊಡುತ್ತಿದ್ದರು, ಬರ್ನಿಷರ್ ಅಂತ. ನನ್ನದು ಇನ್ನೂ ಡಬ್ಬಿಯಲ್ಲಿದೆ. ತಿಕ್ಕಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಆದರೆ ಬಾಗಿಸಿದ ನಾಲಿಗೆ ಹತ್ತು ಸಲ ಪ್ಲಗ್ಗು ಚುಚ್ಚುವಷ್ಟರಲ್ಲಿ ಮತ್ತೆ ಹಿಂದಕ್ಕೆ ಬಾಗಿತು. ಕಸುವು ಹೋದ ಲೋಹಕ್ಕೆ ಕಸುವು ಬರುವುದಿಲ್ಲ. ಹೊಸದೇ ಬೇಕು. ಅವಳು ಸೈಕಲ್ ಹತ್ತಿ ಹೋಗಿ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದಳು, ನೂರಿಪ್ಪತ್ತು ರೂಪಾಯಿ. ‘ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯದು ಬೇಡ, ನಾಲಿಗೆ ಕಣ್ಣಿಗೆ ಕಾಣುವಂಥ ಬಯಲು ಜ್ಯಾಕು ಕೇಳು, ಮೋನೋ ಅನ್ನು’ ಎಂದು ಹೇಳಿ ಕಳಿಸಿದ್ದೆ. ಕಂಡದ್ದನ್ನು ತಾನೇ ಸರಿಮಾಡಲು ಸಾಧ್ಯ.

ಬೆಸುಗೆಯನ್ನು ಅವಳ ಕೈಯಲ್ಲೇ ಹಾಕಿಸಿದೆ. ಮೊದಲ ಸಲ ಎಲ್ಲರೂ ಮಾಡುವ ಹಾಗೆಯೇ ಮಾಡಿದಳು: ಸೋಲ್ಡರಿಂಗ್ ಐರನ್ನಿನ ತುದಿಗೆ ಬೆಸುಗೆಯ ಲೆಡ್ ಕರಗಿಸಿ ಆ ಹನಿಯನ್ನು ತಂದು ವೈರಿನ ಮೇಲೆ ಮೆತ್ತಿದಳು. ಅದು ಬೂದಿಬಣ್ಣದ ಉಂಡೆಯಾಗಿ ಕೂತಿತು. ಎಳೆದು ತೋರಿಸಿದೆ, ಕಿತ್ತು ಬಂತು. ಇದಕ್ಕೇ ಡ್ರೈ ಸೋಲ್ಡರ್ ಅನ್ನುವುದು. ನಮ್ಮ ನಾಡಿನಲ್ಲಿ ಕೆಟ್ಟುಹೋದ ರೇಡಿಯೋಗಳಲ್ಲಿ ಎಷ್ಟೋ ಕೆಟ್ಟದ್ದು ಇದರಿಂದಲೇ. ‘ಮೊದಲು ತಾವರೆ ಎಲೆ ಮೇಲೆ ನೀರು ಬಿದ್ದ ಹಾಗೆ ಇತ್ತಲ್ಲ, ಈಗ ಕೆಸುವಿನ ಸೊಪ್ಪಿನ ಪಲ್ಯಕ್ಕೆ ತುಪ್ಪ ಬಿಟ್ಟ ಹಾಗೆ ಇಂಗಬೇಕು’ ಅಂದೆ. ಹಳೆಯ ವೈರಿನ ತುದಿ ಕತ್ತರಿಸಿ ಹೊಸ ತಾಮ್ರ ಕಾಣುವ ತನಕ ಅರ್ಧ ಸೆಂಟಿಮೀಟರ್ ಸಿಪ್ಪೆ ಸುಲಿದಳು. ಎಳೆಗಳನ್ನು ಹೊಸೆದು ತೆಳುವಾಗಿ ಲೆಡ್ ಲೇಪಿಸಿದಳು. ಜ್ಯಾಕಿನ ಕಿವಿಯ ತೂತಿನಲ್ಲಿ ತೂರಿಸಿ ಕೊಕ್ಕೆಯಂತೆ ಮಡಚಿದಳು. ಆಮೇಲೆ ಐರನ್ನಿನ ತುದಿಯನ್ನು ಕಿವಿಗೂ ವೈರಿಗೂ ಒಟ್ಟಿಗೆ ತಾಗಿಸಿ ಎರಡು ಮೂರು ಎಣಿಸಿದಳು, ಲೆಡ್ಡನ್ನು ಆ ಬಿಸಿಯಾದ ಕಿವಿಗೆ ಮುಟ್ಟಿಸಿದಳು. ಅದು ತಾನಾಗಿಯೇ ಹರಿದು ಎಳೆಗಳ ಸಂದಿಯಲ್ಲಿ ಇಳಿಯಿತು. ತವರ 60 ಪಾಲು, ಸೀಸ 40 ಪಾಲಿನ ಲೆಡ್ಡು ಗಟ್ಟಿಯಾಗುವಾಗ ಉಸಿರೂ ಬಿಡದೆ ಹಿಡಿದಿದ್ದಳು. ಆರಿದ ಮೇಲೆ ಹೊಳೆಯುತ್ತಿತ್ತು. ಎಳೆದಳು, ಬರಲಿಲ್ಲ. ರಾಳದ ಆ ಹೊಗೆಯ ವಾಸನೆ ನನಗೆ ಧೂಪದ ಹಾಗೆ.

ಯಾವ ವೈರು ಎಲ್ಲಿಗೆ ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಜ್ಯಾಕನ್ನು ಕಣ್ಣ ಹತ್ತಿರ ಹಿಡಿದು ಕಿವಿಯಿಂದ ಲೋಹದ ದಾರಿಯನ್ನು ಬೆರಳಲ್ಲಿ ಹಿಂಬಾಲಿಸಬೇಕು. ನಾಲಿಗೆಗೆ ಹೋಗುವ ಕಿವಿಗೆ ವಾಲ್ಯೂಮಿನಿಂದ ಬಂದ ವೈರು, ಕೊಳವೆಗೆ ಹೋಗುವ ಕಿವಿಗೆ ಅರ್ಥ್ ವೈರು. ಅದಲುಬದಲಾದರೆ ಸದ್ದೇನೋ ಬರುತ್ತದೆ, ಜೊತೆಗೆ ಗುಂಯ್ ಎನ್ನುವ ನಾದವೂ ಬರುತ್ತದೆ, ತಂತಿ ಮುಟ್ಟಿದರೆ ಇನ್ನೂ ಜೋರಾಗುತ್ತದೆ. ಅರ್ಥ್ ವೈರೇ ಕಿತ್ತುಹೋದರೂ ಅದೇ ಗುಂಯ್. ನಮ್ಮ ದೇಶದ ಕರೆಂಟಿನ 50 ಹರ್ಟ್ಸ್ ಅದು, ಗೋಡೆಯೊಳಗಿನ ವೈರುಗಳಿಂದ ಗಾಳಿಯಲ್ಲೇ ಬಂದು ಸೇರಿಕೊಳ್ಳುತ್ತದೆ. ಎರಡೂ ವೈರು ಒಂದಕ್ಕೊಂದು ತಾಗಿದರೆ ಪೂರ್ತಿ ಮೌನ. ಹೀಗೆ ಸದ್ದನ್ನು ಕೇಳಿಯೇ ಯಾವ ಕಡೆ ಕಡಿದಿದೆ ಎಂದು ಊಹಿಸಬಹುದು. ವೈದ್ಯರು ನಾಡಿ ನೋಡುತ್ತಿದ್ದರಲ್ಲ, ಹಾಗೆ.

ಇನ್ನು ನಟ್ಟು. ನಾನು ಅವಳಿಗೆ ಮೂರು ಸಲ ಹೇಳಿದ್ದು ಇದೊಂದನ್ನೇ. ತಗಡಿನ ಒಳಗಡೆ ಹಲ್ಲಿರುವ ವಾಷರ್ ಹಾಕು, ಅದು ತಗಡನ್ನು ಕಚ್ಚಿ ಹಿಡಿದು ಜ್ಯಾಕು ತಿರುಗದಂತೆ ನೋಡಿಕೊಳ್ಳುತ್ತದೆ. ಹೊರಗೆ ಚಪ್ಪಟೆ ವಾಷರ್, ಅದರ ಮೇಲೆ ನಟ್ಟು. ಎಡಗೈಯಲ್ಲಿ ಒಳಗಿನ ಜ್ಯಾಕಿನ ಮೈಯನ್ನು ಗಟ್ಟಿಯಾಗಿ ಹಿಡಿ, ಬಲಗೈಯಲ್ಲಿ ಸ್ಪ್ಯಾನರ್. ಇಕ್ಕಳದಲ್ಲಿ ತಿರುವಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. ಅವಳ ಹೊಸ ಜ್ಯಾಕಿನ ನಟ್ಟಿಗೆ ನನ್ನ ಅರ್ಧ ಇಂಚಿನ ಸ್ಪ್ಯಾನರ್ ಸರಿಯಾಗಿ ಕೂತಿತು. ಮುಚ್ಚುವ ಮೊದಲು ಪ್ಲಗ್ಗು ಚುಚ್ಚಿ ನಾಲಿಗೆ ಎತ್ತ ಚಾಚುತ್ತದೆ ಎಂದು ನೋಡಿದೆವು. ಗಿಟಾರಿನ ಹಳ್ಳದೊಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ಚಾಚಿದ ನಾಲಿಗೆ ಅದಕ್ಕೆ ತಾಗಿ ಮೌನ ಹಿಡಿಯುತ್ತದೆ. ಎಲ್ಲ ಸರಿಮಾಡಿದ ಮೇಲೂ ಸದ್ದು ಬರದೆ ಜನ ತಲೆ ಕೆಡಿಸಿಕೊಳ್ಳುವುದು ಹೀಗೇ.

ಅವಳ ಗೆಳೆಯರ ಗಿಟಾರುಗಳ ಬಗ್ಗೆಯೂ ಕೇಳಿದಳು. ಕೆಲವಕ್ಕೆ ಜ್ಯಾಕು ಪಕ್ಕೆಯಲ್ಲಿ ನಾಲ್ಕು ಸ್ಕ್ರೂವಿನ ಚೌಕ ತಗಡಿನ ಮೇಲಿರುತ್ತದೆ, ಅದೂ ಸುಲಭ. ಹೊಟ್ಟೆ ಟೊಳ್ಳಾದ ಗಿಟಾರಿನದು ತಾಳ್ಮೆಯ ಕೆಲಸ. ಜ್ಯಾಕು ಒಳಗೆ ಬಿದ್ದರೆ ಕೈ ಹೋಗುವುದಿಲ್ಲ, ಅದನ್ನು ಬಿಚ್ಚುವ ಮೊದಲೇ ಒಂದು ದಾರ ಕಟ್ಟಿ ಬಿಟ್ಟು, ಆಮೇಲೆ ಆ ದಾರ ಹಿಡಿದೇ ತೂತಿನ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಗಿಟಾರಿಗೆ ಸ್ಟೀರಿಯೋ ಜ್ಯಾಕು ಇರುತ್ತದೆ, ಅದರ ಎರಡನೇ ನಾಲಿಗೆಯೇ ಬ್ಯಾಟರಿಯ ಸ್ವಿಚ್ಚು. ಪ್ಲಗ್ಗು ಚುಚ್ಚಿಟ್ಟೇ ಮಲಗಿದರೆ ಬ್ಯಾಟರಿ ಖಾಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಅವಳ ಹತ್ತಿರ ಗಟ್ಟಿಯಾಗಿ ಮಾತಾಡಿದೆ ಮೇಷ್ಟ್ರೇ, ನೀವೂ ಗಮನಿಸಿ. ಅವಳ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿಕೊಂಡಿದ್ದಾಳೆ. ಗಿಟಾರಿನ ತಂತಿಗಳೆಲ್ಲ ಆ ಜ್ಯಾಕಿನ ಕೊಳವೆಯ ಮೂಲಕ ಆಂಪ್ಲಿಫೈಯರಿನ ಅರ್ಥ್‌ಗೆ ಸೇರಿರುತ್ತವೆ. ಅಂದರೆ ಅವಳ ಹತ್ತು ಬೆರಳೂ ಅದಕ್ಕೆ ಸೇರಿರುತ್ತವೆ. ಆ ಅಡಾಪ್ಟರ್ ಸಿಕ್ಕಿಸಿದರೆ ಗೋಡೆಯ ಅರ್ಥ್ ತಪ್ಪಿಹೋಗುತ್ತದೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯಲ್ಲಿ ಮೈಕು ಮುಟ್ಟಿ ಕರೆಂಟ್ ಹೊಡೆದು ತೀರಿಕೊಂಡರು. ಆ ಅಡಾಪ್ಟರನ್ನು ಇಂದೇ ತೆಗೆಸಿ. ನಿಮ್ಮ ಹಾಲಿನ ಸಾಕೆಟ್ಟಿಗೆ ಅರ್ಥ್ ಬರುತ್ತಿದೆಯೋ ಇಲ್ಲವೋ ನಾನೇ ಬಂದು ನೋಡುತ್ತೇನೆ. ಜ್ಯಾಕು ಕೆಟ್ಟರೆ ಹಾಡು ನಿಲ್ಲುತ್ತದೆ ಅಷ್ಟೇ, ಇದರಲ್ಲಿ ಸಲಿಗೆ ಬೇಡ.

ಕೊನೆಗೆ ಚುಚ್ಚಿದಳು. ಟಕ್. ಆ ಸದ್ದು ನನಗೆ ಮೊದಲು ಕೇಳಿಸಿತು, ಗಿಟಾರಿನದು ಆಮೇಲೆ. ಪ್ಲಗ್ಗು ಅಲ್ಲಾಡಿಸಿದಳು, ತಿರುವಿದಳು, ಒಂದು ಕರಕರ ಇಲ್ಲ. ವೈರನ್ನು ನೇರ ಬಿಡದೆ ಹೆಗಲ ಪಟ್ಟಿಯ ಸಂದಿಯಲ್ಲಿ ಒಂದು ಸುತ್ತು ತೂರಿಸಿ ಆಮೇಲೆ ಚುಚ್ಚು ಎಂದು ತೋರಿಸಿದೆ, ಯಾರಾದರೂ ಎಡವಿದರೆ ಎಳೆತ ಪಟ್ಟಿಗೆ ಬೀಳುತ್ತದೆ, ಜ್ಯಾಕಿಗಲ್ಲ. ಆಮೇಲೆ ಅವಳು ನುಡಿಸಿದ್ದು ನಿಮಗೂ ಕೇಳಿಸಿರಬೇಕು. ಯಾವ ಹಾಡೋ ನನಗೆ ಗೊತ್ತಿಲ್ಲ, ಆದರೆ ಕೊನೆಯಲ್ಲಿ ಒಂದು ತಂತಿಯನ್ನು ಮೀಟಿ ಬಿಟ್ಟಳಲ್ಲ, ಅದು ಸಣ್ಣಗಾಗುತ್ತಾ ಹೋಗಿ ಎಲ್ಲಿ ಮುಗಿಯಿತು ಎಂದು ಗೊತ್ತಾಗದ ಹಾಗೆ ಮುಗಿಯಿತು. ನಡುವೆ ಎಲ್ಲೂ ಕಡಿಯಲಿಲ್ಲ.

ಹಳೆಯ ಜ್ಯಾಕನ್ನು ಅವಳು ಎಸೆಯಲು ಹೊರಟಳು, ನಾನು ಈಸಿಕೊಂಡು ಡಬ್ಬಿಗೆ ಹಾಕಿಕೊಂಡೆ. ಅಂದ ಹಾಗೆ, ಹೋದ ರಾಮನವಮಿಗೆ ನಿಮ್ಮ ಮನೆಯವರು ಪೆಂಡಾಲಿನಲ್ಲಿ ವೀಣೆ ನುಡಿಸುವಾಗ ಅದರ ಪಿಕಪ್ಪು ಎರಡು ಸಲ ಕರಕರ ಅಂದಿತ್ತು. ಅದಕ್ಕೂ ಇದೇ ಕಾಲು ಇಂಚಿನ ಜ್ಯಾಕು. ಹೂವು ಬಿಡಿಸಿಕೊಂಡು ಹೋಗಿ, ಪೂಜೆ ಮುಗಿಸಿ, ಊಟವಾದ ಮೇಲೆ ಆ ಪಿಕಪ್ಪಿನ ಡಬ್ಬಿ ತನ್ನಿ. ಪುಟ್ಟಿಯನ್ನೂ ಕಳಿಸಿ, ನಟ್ಟು ಅವಳೇ ಬಿಗಿ ಮಾಡಲಿ.